ಕಿರುಬೆರಳಿನ ಬೆಸುಗೆ

ಫೆಬ್ರುವರಿ ಹದಿನಾರು, ಭಾನುವಾರ. ಬೆಳಿಗ್ಗೆ ಹೊಳೆಯ ಮೇಲೆ ಮಂಜು, ಸಣ್ಣ ಚಳಿ. ಹತ್ತರ ಹೊತ್ತಿಗೆ ಬಿಸಿಲು ಬರುವ ಲಕ್ಷಣವಿತ್ತು.

ಮಲಪ್ರಭೆಯ ದಂಡೆಯ ಶಿಲ್ಪಶಾಲೆಗೆ ಅಂದು ಹಳೆಯ ಶಿಷ್ಯರು ಬಂದಿದ್ದರು. ಕಲ್ಲು ಕೆತ್ತಲು ಕಲಿತವರು ಮುಂದೆ ಏನೇನಾದರು ಎಂಬುದನ್ನು ಈಗಿನ ಮಕ್ಕಳು ಕೇಳಲಿ ಎಂದು ಗುರು ಮಾನಪ್ಪಾಚಾರ್ಯರು ಕರೆಸಿದ್ದರು.

ಸೋಮಲಿಂಗ ಬಾಗಿಲಲ್ಲೇ ನಿಂತ. ಹದಿನಾರು ವರ್ಷಗಳ ಮೇಲೆ ಬಂದಿದ್ದ. ಜೇಬಿನಲ್ಲಿ ಗುರುಗಳ ಕಾರ್ಡಿತ್ತು. ಅದರಲ್ಲಿ ಎರಡೇ ಮಾತು: "ಬಾ. ಊಟ ಐತಿ."

ತನ್ನ ವಿಳಾಸ ಅವರಿಗೆ ಹೇಗೆ ಸಿಕ್ಕಿತು ಎಂಬುದೇ ಅವನಿಗೆ ಬಗೆಹರಿದಿರಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಬೇವಿನ ಮರದ ಕೆಳಗೆ ಲಕ್ಷ್ಮಿಯ ಮೂರ್ತಿ ಕಂಡಿತು. ಅವನೇ ಕೆತ್ತಿದ್ದು.

ಆ ಮೂರ್ತಿ ಒಂದೂರಿನ ಗುಡಿಗೆಂದು ಮಾಡಿದ್ದು. ಕೊನೆಯ ದಿನ ಅವನ ಉಳಿ ಜಾರಿ, ಅಭಯಹಸ್ತದ ಕಿರುಬೆರಳು ಮುರಿದಿತ್ತು. ಅವನು ಅರಗಿಗೆ ಕಲ್ಲಿನ ಪುಡಿ ಕಲಸಿ, ಬೆರಳನ್ನು ಕೂಡಿಸಿ, ಏನೂ ಆಗಿಲ್ಲವೆಂಬಂತೆ ಸುಮ್ಮನಿದ್ದ.

ಗುರುಗಳು ಬಂದು ಮೂರ್ತಿಯನ್ನು ಸುತ್ತಲೂ ನೋಡಿದ್ದರು. ಕಣ್ಣಿಗೆ ಏನೂ ಕಂಡಿರಲಿಲ್ಲ. ಆಮೇಲೆ ವಾಡಿಕೆಯಂತೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಬಂದರು. ಕಲ್ಲು ಎಲ್ಲ ಕಡೆ ಗಂಟೆಯಂತೆ ನುಡಿಯಿತು, ಕಿರುಬೆರಳಿನಲ್ಲಿ ಮಾತ್ರ ಮೂಕವಾಯಿತು.

"ಇದು ಪೂಜೆಗೆ ಬಾರದು" ಎಂದಷ್ಟೇ ಹೇಳಿದ್ದರು.

ಆ ದಿನ ಎಲ್ಲರೂ ಉಣ್ಣಲು ಕೂತಾಗ ಸೋಮಲಿಂಗ ಹೊಳೆ ದಾಟಿ ಹೋಗಿಬಿಟ್ಟಿದ್ದ. ಆ ಊರಿಗೆ ಗುರುಗಳೇ ಇನ್ನೊಂದು ಲಕ್ಷ್ಮಿಯನ್ನು ಕೆತ್ತಿಕೊಟ್ಟರೆಂದು ಆಮೇಲೆ ಕೇಳಿದ.

ಆ ಶಾಲೆಯದೊಂದು ಪದ್ಧತಿಯಿತ್ತು. ಕಲಿತು ಹೊರಡುವವರು ಕೈಯಾರೆ ಮಾಡಿದ ವಸ್ತುವೊಂದನ್ನು ಗುರುಗಳಿಗೆ ದಕ್ಷಿಣೆಯಾಗಿ ಕೊಡಬೇಕು. ಗುರುಗಳು ತಮ್ಮ ಚೀಲದಿಂದ ಒಂದು ಉಳಿ ತೆಗೆದು ಕೊಡುತ್ತಾರೆ. ಆ ಉಳಿ ಪಡೆದವನೇ ಇಲ್ಲಿಯ ಶಿಷ್ಯ. ಸೋಮಲಿಂಗ ಏನನ್ನೂ ಕೊಡಲಿಲ್ಲ, ಏನನ್ನೂ ಪಡೆಯಲಿಲ್ಲ. ಯಾರಾದರೂ ಗುರು ಯಾರು ಎಂದು ಕೇಳಿದರೆ ಅವನು ಮಾತು ಬದಲಿಸುತ್ತಿದ್ದ.

"ಓಡಿಹೋದಾಂವ ಬಂದ್ನಪೋ!" ಎಂದು ಕೂಗಿದ ಗಿರಿಮಲ್ಲ, ಅವನ ಜೊತೆಯಲ್ಲೇ ಕಲಿತವನು. "ಬಾರೋ, ಈ ಸಲ ಉಂಡರ ಹೋಗು!"

ಎಲ್ಲರೂ ನಕ್ಕರು. ಗುರುಗಳು ಶಾಲು ಹೊದ್ದು ಕಟ್ಟೆಯ ಮೇಲೆ ಕೂತಿದ್ದರು. ಎಡಗೈ ಶಾಲಿನೊಳಗಿತ್ತು.

"ಕೂಡ್ರು" ಎಂದರು, ನಿನ್ನೆ ಕಂಡವನಿಗೆ ಹೇಳುವ ಹಾಗೆ.

ಹಳೆಯ ಶಿಷ್ಯರಲ್ಲಿ ಮೊದಲು ಶಾರವ್ವ ಎದ್ದಳು. "ಅಪ್ಪಾರ, ನೀವು ಶಾಸನ ಕೆತ್ತೂದು ಕಲಿಸಿದ್ರಿ. ನಾ ಈಗ ಮೊಬೈಲಿಗೆ ಕನ್ನಡ ಅಕ್ಷರ ರೂಪಿಸ್ತೀನ್ರಿ."

"ಅಳಿಸಿದರ ಹೋಗತಾವೇನು?"

"ಒಂದ ಬೆರಳಿಗೆ ಹೋಗತಾವ್ರಿ."

"ಪಾರಾದಿ ಬಿಡು. ಕಲ್ಲಿನ್ಯಾಗ ತಪ್ಪಿದರ ಸಾವಿರ ವರ್ಷ ನಗತಾರ."

ಗಿರಿಮಲ್ಲ ಎದ್ದ. ತಲೆ ಕೆರೆದುಕೊಂಡ. "ನಾ ಚಾಕಲೇಟಿನ ಅಚ್ಚು ಮಾಡ್ತೀನ್ರಿ, ಅಪ್ಪಾರ. ಆನಿ, ಮೊಲ, ನವಿಲು. ದೇವರ ಮೂರ್ತಿ ಕಲಿತು ಇದನ್ನ ಮಾಡ್ತಾನಂತ ನಮ್ಮಪ್ಪ ಈಗೂ ಬೈತಾನ."

"ಮಕ್ಕಳು ತಿಂತಾವೇನು?"

"ಮೊದಲ ಸೊಂಡಿ ಕಡೀತಾವ್ರಿ."

"ಹಂಗಾರ ನೈವೇದ್ಯ ನೇರ ದೇವರಿಗೇ ಮುಟ್ಟಾಕತ್ತೇತಿ. ನಿಮ್ಮಪ್ಪಗ ಹೇಳು."

ಮಕ್ಕಳು ಚಪ್ಪಾಳೆ ತಟ್ಟಿದರು. ಮಂಜು ಕರಗಿತು. ಸೋಮಲಿಂಗ ತನ್ನ ಸರದಿ ಬಾರದಿರಲಿ ಎಂದುಕೊಂಡ.

ಗುರುಗಳು ಮಕ್ಕಳ ಕಡೆ ತಿರುಗಿದರು. "ಆ ಲಕ್ಷ್ಮಿ ಮೈಯಾಗ ಒಂದು ಬೆಸಿಗಿ ಐತಿ, ಸುತ್ತಿಗಿ ಇಲ್ಲದ ಹುಡುಕ್ರಿ ಅಂತ ಹೇಳೀನಲ್ಲ. ಯಾರಿಗಾದರೂ ಸಿಕ್ತೇನು?"

"ಇಲ್ರಿ!" ಎಂದರು ಮಕ್ಕಳೆಲ್ಲ.

"ಹಿಂದಿನವರಿಗೆ?"

"ಅವರಿಗೂ ಸಿಕ್ಕಿಲ್ರಿ!"

"ಅದನ್ನ ಬೆಸೆದಾಂವ ಇಲ್ಲೇ ಕೂತಾನ."

ಸೋಮಲಿಂಗ ಎದ್ದು ನಿಂತ. "ಅಪ್ಪಾರ, ಅದು ಪೂಜೆಗೆ ಬಾರದು ಅಂದಿದ್ರಿ. ಹೊಳಿಗೆ ಹಾಕಿರ್ತೀರಿ ಅನ್ಕೊಂಡಿದ್ದೆ."

"ಪೂಜೆಗೆ ಬಾರದು ಅಂದೆ. ಪಾಠಕ್ಕ ಬಾರದು ಅಂದೆನೇನು?"

ಗುರುಗಳು ಮಕ್ಕಳತ್ತ ಬಲಗೈ ತೋರಿದರು.

"ನೀ ಏನ್ ಮಾಡ್ತಿ, ಅದನ್ನ ಹುಡುಗರಿಗೆ ಹೇಳು."

ಅವನು ನೆಲ ನೋಡುತ್ತ ಹೇಳಿದ. "ಹುಬ್ಬಳ್ಳ್ಯಾಗ ನಂದೊಂದು ಸಣ್ಣ ಕಾರ್ಖಾನಿ ಐತಿ. ಕಬ್ಬಿನ ಗಾಣಕ್ಕ, ಮೇವು ಕತ್ತರಿಸೋ ಯಂತ್ರಕ್ಕ ಬೆರಳು ಕೊಟ್ಟವರಿಗೆ ಬೆರಳು ಮಾಡ್ತೀನಿ. ಕಿವಿ, ಮೂಗು ಸೈತ. ಒಳಗ ಗಟ್ಟಿ, ಮ್ಯಾಲ ರಬ್ಬರಿನಂಗ ಮೆತ್ತಗ. ಉಗುರು, ಗೆರಿ, ಮೈಬಣ್ಣ ಎಲ್ಲಾ ಕೂಡಬೇಕು. ತೊಟ್ಟವರ ಕೈ ಕುಲುಕಿದವರಿಗೆ ಗೊತ್ತಾಗಬಾರದು."

"ಯಾರ ಬೆರಳು ಅಂತ ನಿನಗ ಗೊತ್ತಿರತೈತೇನು?"

"ಇಲ್ರಿ. ದವಾಖಾನಿಯವರು ಕೈಯ ಅಚ್ಚು ಕಳಸ್ತಾರ. ಹೆಸರಿಲ್ಲ, ನಂಬರ್ ಅಷ್ಟ."

"ನೆನಪಿರೋವಂಥದ್ದು ಯಾವುದಾದರೂ?"

ಸೋಮಲಿಂಗ ತಲೆ ಎತ್ತಿದ. "ಹೋದ ದೀಪಾವಳಿ ಮುಂದ ಒಂದು ಎಡಗೈ ಹೆಬ್ಬೆರಳು ಮಾಡಿದೆ. ಅಚ್ಚಿನ್ಯಾಗ ಬೇರೆ ಬೆರಳಿಗೆಲ್ಲಾ ಜಡ್ಡು ಇತ್ತು. ಉಳಿ ಹಿಡಿದ ಜಡ್ಡು. ನೋಡಿದ ಕೂಡಲೇ ಗೊತ್ತಾತು. ಅದಕ್ಕ ಹೆಬ್ಬೆರಳಿಗೂ ಜಡ್ಡು ಮೂಡಿಸಿದೆ. ಹಂಗ ಮಾಡಂತ ಯಾರೂ ಹೇಳಿರಲಿಲ್ಲ."

"ಯಾಕ ಮಾಡಿದಿ?"

"ಇಲ್ಲಂದರ ಆ ಕೈಗೆ ಅದು ಪರದೇಸಿ ಅನಸ್ತಿತ್ರಿ."

ಬಿಸಿಲು ಕಟ್ಟೆಯವರೆಗೆ ಬಂದಿತ್ತು.

ಸೋಮಲಿಂಗ ಹತ್ತಿರ ಹೋಗಿ ಅವರ ಕಾಲ ಬಳಿ ಕೂತ. ತಗ್ಗಿದ ದನಿಯಲ್ಲಿ ಕೇಳಿದ: "ಅಪ್ಪಾರ, ಇವರೆಲ್ಲಾ ದಕ್ಷಿಣಿ ಕೊಟ್ಟು ಉಳಿ ಒಯ್ದರು. ನಾ ಕದ್ದು ಹೋದೆ. ಈಗ ಕೊಟ್ಟರ ತಗೋತೀರೇನು? ನಾನೂ ನಿಮ್ಮ ಶಿಷ್ಯ ಅಂತ ಹೇಳ್ಕೋಬೇಕಾಗೇತಿ."

ಗುರುಗಳು ಶಾಲು ತೆಗೆದು ಬದಿಗಿಟ್ಟರು. ಎಡಗೈಯನ್ನು ಅವನ ಮುಂದೆ ಹಿಡಿದರು.

"ಮಳಿಗಾಲದಾಗ ಒಂದು ದೊಡ್ಡ ಕಲ್ಲು ಈ ಕೈ ಮ್ಯಾಲ ಉರುಳಿತು" ಎಂದರು. "ಬೆಸಿಗಿ ಎಲ್ಲೈತಿ, ಹುಡುಕು."

ಸೋಮಲಿಂಗ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದ. ಮೇಲೆ ನೋಡಿದ, ಕೆಳಗೆ ನೋಡಿದ. ಕಣ್ಣಿಗೆ ಏನೂ ಕಾಣಲಿಲ್ಲ. ಆಮೇಲೆ ಹೆಬ್ಬೆರಳಿನ ಒಳಮಗ್ಗುಲಿಗೆ ಅವನ ಬೆರಳು ತಾಗಿತು. ಅಲ್ಲಿ ಒಂದು ಜಡ್ಡು ಇತ್ತು.

ಅವನೇ ಮೂಡಿಸಿದ್ದು.

"ನಂಗೂ ಸಿಗಲಿಲ್ಲ" ಎಂದರು ಗುರುಗಳು. "ಮೂರು ದಿನ ಹುಡುಕಿದೆ. ಆಮೇಲೆ ಇದು ಯಾರ ಕೈಕೆಲಸ ಅಂತ ಗೊತ್ತಾತು. ದವಾಖಾನಿಯವರನ್ನ ಕೇಳಿ ನಿನ್ನ ವಿಳಾಸ ಬರಕೊಂಡೆ."

ಅವರು ಮಗ್ಗುಲಲ್ಲಿದ್ದ ಚೀಲ ಬಿಚ್ಚಿದರು. ಸಾಲಾಗಿದ್ದ ಉಳಿಗಳ ನಡುವೆ ಒಂದಕ್ಕೆ ಹಳೆಯ ಬಟ್ಟೆ ಸುತ್ತಿತ್ತು. ಅದನ್ನು ಹೊಸ ಹೆಬ್ಬೆರಳಿನಿಂದಲೇ ಹಿಡಿದು ತೆಗೆದು, ಸೋಮಲಿಂಗನ ಅಂಗೈಯಲ್ಲಿಟ್ಟರು.

"ನಿನ್ನ ದಕ್ಷಿಣಿ ದೀಪಾವಳಿಗೇ ಮುಟ್ಟೇತಿ. ಉಳಿ ಒಯ್ಯಾಕ ನೀನ ತಡಾ ಮಾಡಿದಿ."