ಕೆಂಪೀರಿ ದಾರಿ

ಮಾಗಣಿಪುರದಿಂದ ಕೆರೆ ಉದ್ಯಾನಕ್ಕೆ ಹೋಗುವ ಹೆದ್ದಾರಿಯ ಉದ್ದ ಒಂದೂಕಾಲು ಮೈಲಿ. ದಾಖಲೆಯಲ್ಲಿ ಅದಕ್ಕೊಂದು ಸಂಖ್ಯೆಯಿದೆ; ಆ ಸಂಖ್ಯೆ ಹೇಳಿದರೆ ಯಾವ ಆಟೋದವನೂ ಬರುವುದಿಲ್ಲ. ಊರಿನವರ ಬಾಯಲ್ಲಿ ಅದು ಕೆಂಪೀರಿ ದಾರಿ. ಪೇಟೆ ಬಿಟ್ಟೊಡನೆ ಎರಡು ಫರ್ಲಾಂಗಿನಲ್ಲಿ ಇಪ್ಪತ್ತೆರಡು ತಿರುವುಗಳು. ಬೇವಿನ ಮರ ದಾಟಿದರೆ ಕೆರೆಯ ಏರಿಯವರೆಗೆ ದಾರ ಹಿಡಿದು ಎಳೆದಂತೆ ನೇರ. ಇದಕ್ಕೆ ಎಂಜಿನಿಯರುಗಳು ಕಾರಣರಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿನ ಪಾಳೆಯಗಾರನ ರಾಣಿಗೆ ಕೆರೆಯ ಗಾಳಿ ಬೇಕೆನಿಸಿತು. ಮನೆಗೊಂದು ಪಾಲಿನಂತೆ ಜನ ಬಿಟ್ಟಿ ದುಡಿದು ದಾರಿ ಹಾಕಬೇಕೆಂದು ಅಪ್ಪಣೆಯಾಯಿತು. ಆ ಸೀಮೆಯಲ್ಲಿ ದೂರವನ್ನು ಕೂಗಳತೆಯಲ್ಲೇ ಹೇಳುವ ರೂಢಿ. ಆದ್ದರಿಂದ ಮನೆಯ ಯಜಮಾನ ನಿಂತು ಒಮ್ಮೆ ಕೂಗಬೇಕು. ಕೂಗು ಎಲ್ಲಿಯವರೆಗೆ ಕೇಳಿಸುವುದೋ ಅಲ್ಲಿಯವರೆಗಿನ ದಾರಿ ಅವನ ಪಾಲು. ಇದನ್ನು ಓಣಿ ಓಣಿಯಲ್ಲಿ ಸಾರಿದವನು ಡಂಗುರದ ಮುದ್ದೀರ. ಅವನ ಗಂಟಲು ಮೂರು ಊರಿಗೆ ಕೇಳಿಸುತ್ತಿತ್ತು. ಅಂದೂ ಹೆಮ್ಮೆಯಿಂದಲೇ ಸಾರಿದ. ತಾನೂ ಒಂದು ಮನೆಯ ಯಜಮಾನನೆಂಬುದು ಕೊನೆಯ ಓಣಿಯಲ್ಲಿ ನೆನಪಾಯಿತು.

ಮರುದಿನ ಊರಿನ ಗಂಡಸರಿಗೆಲ್ಲ ನೆಗಡಿ. ಇಪ್ಪತ್ತೆರಡು ಮನೆಯವರು ಪಿಸುಗುಟ್ಟಿ, ಸಿಕ್ಕ ಚೂರು ದಾರಿಯನ್ನು ತಮಗೆ ತೋಚಿದ ದಿಕ್ಕಿಗೆ ತಿರುಗಿಸಿ ಹಾಕಿದರು. ಪಟೇಲರು ತುಟಿ ಮಾತ್ರ ಅಲ್ಲಾಡಿಸಿ ನಾಲ್ಕು ಮಾರು ಪಡೆದರು. ಬೇವಿನ ಮರದ ಬಳಿ ಮುದ್ದೀರನ ಸರದಿ ಬಂದಾಗ, ಅಳೆಯಬೇಕಾದ ಶಾನುಭೋಗರು ಮೊದಲೇ ಹೋಗಿ ಮೈಲಿಯಾಚೆ ಏರಿಯ ಮೇಲೆ ಕೊಡೆ ಹಿಡಿದು ಕೂತಿದ್ದರು. ಮುದ್ದೀರ ಪಿಸುಮಾತನ್ನು ಹೆಂಡತಿಯ ಮುಂದೆ ಅಭ್ಯಾಸ ಮಾಡಿಯೇ ಬಂದಿದ್ದ. "ಏನ್ಲಾ, ನಿಂಗೂ ನೆಗಡಿಯಾ?" ಎಂದರು ಪಟೇಲರು. "ಹೂಂ ಬುದ್ಧಿ, ನಿಮ್ದೇ ಅಂಟ್ಕೊಂಡದೆ." ಅವನು ಬಾಯಿ ತೆರೆದ. ಅಷ್ಟರಲ್ಲಿ, ಏರಿಯ ಮೇಲೆ ಸೌದೆ ಹೊತ್ತು ಬರುತ್ತಿದ್ದ ಮಗಳ ಕೆಂಪು ಸೀರೆ ನೀರಿನ ಕಡೆ ಜಾರಿ ಮರೆಯಾಯಿತು.

"ಕೆಂಪೀರೀ!"

ಆಚೆ ದಡದ ಕೊಕ್ಕರೆಗಳೆಲ್ಲ ಎದ್ದವು. ಕೆಂಪೀರಿ ಮತ್ತೆ ಏರಿ ಹತ್ತಿ, ಸೀರೆ ಕೊಡವಿ, ಬಿದ್ದ ಸೌದೆ ಆರಿಸತೊಡಗಿದಳು. ಶಾನುಭೋಗರು ಕೇಳಿಸಿತೆಂದು ಕೊಡೆ ಎತ್ತಿದರು. "ಮಗಳನ್ನ ಕರೆದೆ ಬುದ್ಧಿ, ಅದು ಅಳತೆಗಲ್ಲ!" "ಕೂಗು ಕೂಗೇ ಕಣೋ," ಎಂದರು ಪಟೇಲರು. ಅವರ ನೆಗಡಿ ಬಿಟ್ಟಿತ್ತು.

ಆ ಒಂದು ಮೈಲಿಗೆ ಹನ್ನೊಂದು ವರ್ಷ ಹಿಡಿಯಿತು. ಎರಡನೆಯ ವರ್ಷ ರಾಣಿಗೆ ಗಾಳಿಯ ಆಸೆ ತೀರಿತು. ಅಪ್ಪಣೆ ಹಿಂತೆಗೆದುಕೊಳ್ಳುವುದು ಯಾರಿಗೂ ನೆನಪಾಗಲಿಲ್ಲ. ಕೆಂಪೀರಿಯ ಮದುವೆಯ ದಿನವೂ ಮುದ್ದೀರ ಮಧ್ಯಾಹ್ನದ ಮೇಲೆ ಕಲ್ಲು ಹಾಸಿದ. ಅವಳ ಗಾಡಿ ಕೆರೆಯ ಏರಿಯನ್ನು ದಾಟುವಾಗ ಒಮ್ಮೆ ಕೂಗಿ ಕರೆಯಬೇಕೆನಿಸಿತು. ಇನ್ನೆಷ್ಟು ದೂರ ಪಾಲಿಗೆ ಬೀಳುವುದೋ ಎಂದು ಬಾಯಿ ಮುಚ್ಚಿಕೊಂಡ ಎನ್ನುತ್ತಾರೆ.

ಈಗ ಉದ್ಯಾನದ ಬಾಗಿಲಲ್ಲಿ 'ಪಕ್ಷಿಗಳಿವೆ, ಕೂಗಬೇಡಿ' ಎಂಬ ಫಲಕವಿದೆ. ಭಾನುವಾರ ನೀರಿನತ್ತ ಓಡುವ ಮಕ್ಕಳ ಹೆಸರು ಹಿಡಿದು ತಂದೆಯರು ಅದರ ಕೆಳಗೇ ನಿಂತು ಕೂಗುತ್ತಾರೆ. ಏರಿಯ ಮೇಲೆ ಕೊಡೆ ಹಿಡಿದು ಯಾರೂ ಕೂತಿರುವುದಿಲ್ಲ.