ನನ್ನ ಕಾನೂನು, ನನ್ನ ಮನೆ

ಹಾಲುಗೊಂಡಿಯ ದೊರೆ ಮುಮ್ಮಡಿ ನಾಯಕರ ಆಸ್ಥಾನದಲ್ಲಿ ಕೊಂಡಪ್ಪನೇ ಎಲ್ಲರಿಗಿಂತ ಜಾಣ ಎಂದು ಹೇಳಿಕೊಳ್ಳುತ್ತಿದ್ದವನು ಒಬ್ಬನೇ. ಆ ಕೊಂಡಪ್ಪ ನಾನೇ.

ಒಂದು ದಿನ ಆ ಜಾಣತನದ ಭರದಲ್ಲಿ ದೊರೆಗೆ ಕಾನೂನೊಂದನ್ನು ಬರೆದುಕೊಟ್ಟೆ: "ಪತ್ರವಿಲ್ಲದ ಮನೆ ದೊರೆಯದು. ಅದರಲ್ಲಿರುವವರು ಎಂಟು ದಿನದೊಳಗೆ ಖಾಲಿ ಮಾಡತಕ್ಕದ್ದು." ವಾಕ್ಯ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಮನೆಗೆ ಹೋಗಿ ಹೆಂಡತಿಗೂ ಎರಡು ಸಲ ಓದಿ ಹೇಳಿದೆ.

"ನಮ್ಮ ಮನೆಗೆ ಪತ್ರ ಇದೆಯಾ?" ಎಂದಳು ಚೆನ್ನಾಜಮ್ಮ.

ಇರಲಿಲ್ಲ. ಅಜ್ಜ ಬೈರಪ್ಪ ಕಟ್ಟಿದ ಮನೆ. ಆ ಕಾಲದಲ್ಲಿ ಯಾರೂ ಕೇಳಲಿಲ್ಲ, ಅಜ್ಜನೂ ಬರೆಸಲಿಲ್ಲ.

ದೊರೆಗೆ ಆನೆ ಕಟ್ಟಲು ಜಾಗ ಬೇಕಿತ್ತು. ನಮ್ಮ ಮನೆ ಅರಮನೆಯ ಗೋಡೆಗೇ ಒತ್ತಿಕೊಂಡಿತ್ತು. ಮರುದಿನವೇ ಕರೆ ಬಂತು.

"ಪತ್ರ ತೋರಿಸಯ್ಯ ಕೊಂಡಪ್ಪ."

"ಇಲ್ಲ ದೊರೆಗಳೆ."

"ಛೆ, ಪಾಪ. ಈ ಕಾನೂನು ಬರೆದವನಿಗೆ ಕರುಳೇ ಇಲ್ಲ ನೋಡು."

ಸಭೆ ನಕ್ಕಿತು. ನನ್ನ ಯಾವ ಹಾಸ್ಯಕ್ಕೂ ಅದು ಅಷ್ಟು ನಕ್ಕಿರಲಿಲ್ಲ.

ಮನೆಯಲ್ಲಿ ಚೆನ್ನಾಜಮ್ಮ ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದಳು. ಏಳಲಾರದ ನನ್ನ ತಾಯಿಯನ್ನು ಎಲ್ಲಿಗೆ ಒಯ್ಯುವುದೆಂದು ನನಗೆ ತೋಚಲಿಲ್ಲ.

"ಪಕ್ಕದ ಮನೆಯವರ ಪತ್ರ ಓದಿಸಿ," ಎಂದಳು ಅವಳು.

"ಪಕ್ಕದ್ದು ಅರಮನೆ ಕಣೇ."

"ಅವರ ಹತ್ತಿರ ಪತ್ರ ಇಲ್ಲವಾ? ಪತ್ರ ಅಂದಮೇಲೆ ಚಕ್ಕುಬಂದಿ ಬರೆದಿರಲೇಬೇಕು. ನಾಲ್ಕು ದಿಕ್ಕಿಗೆ ಯಾರ್‍ಯಾರ ಜಾಗ ಅಂತ."

ಇದು ನನಗೂ ಹೊಳೆಯುವುದರಲ್ಲಿತ್ತು ಎಂದೆ. ಅವಳು ಇನ್ನೊಂದು ಮೂಟೆ ಬಿಗಿದಳು.

ಎಂಟನೆಯ ದಿನ ದೊರೆ ಕೇಳಿದರು, "ಹೊರಟೆಯೇನಯ್ಯ?"

"ಹೊರಟೆ. ಆದರೆ ಅರಮನೆಯ ಪತ್ರವನ್ನೂ ಒಮ್ಮೆ ಓದಿಸಿಬಿಡಿ. ದೊರೆಗೊಂದು ಕಾನೂನು, ನಮಗೊಂದು ಎಂದು ಜನ ಆಡಿಕೊಳ್ಳಬಾರದು."

ದೊರೆ ಹೆಮ್ಮೆಯಿಂದ ತಮ್ಮ ಅಜ್ಜನ ಕಾಲದ ತಾಮ್ರದ ಪತ್ರ ತರಿಸಿದರು. ಶಾನುಭೋಗರು ರಾಗವಾಗಿ ಓದಿದರು: "ಪೂರ್ವಕ್ಕೆ ಕೆರೆ, ಪಶ್ಚಿಮಕ್ಕೆ ಬಂಡೆ, ಉತ್ತರಕ್ಕೆ ಹುಣಸೆತೋಪು, ದಕ್ಷಿಣಕ್ಕೆ ಬೈರಪ್ಪನ ಸ್ವಂತ ಮನೆ..." ಅಲ್ಲಿಗೆ ರಾಗ ನಿಂತಿತು.

"ಯಾವ ಬೈರಪ್ಪ?" ಎಂದರು ದೊರೆ.

"ನನ್ನ ಅಜ್ಜ, ದೊರೆಗಳೆ. ಈ ಪತ್ರ ನಿಜವಾದರೆ ಆ ಮನೆ ನಮ್ಮದು. ಸುಳ್ಳಾದರೆ ಅರಮನೆಗೂ ಪತ್ರವಿಲ್ಲ. ನನ್ನ ಗಂಟುಮೂಟೆ ಸಿದ್ಧವಾಗಿದೆ. ತಾವೂ ಕಟ್ಟಿಕೊಳ್ಳುವುದಾದರೆ ಕಾಯುತ್ತೇನೆ, ಒಟ್ಟಿಗೇ ಹೊರಡೋಣ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆನೆ ಬೇರೆ ಕಡೆ ಹೋಯಿತು. "ಉಪಾಯ ನಿನ್ನದೇ ತಾನೇ?" ಎಂದು ಕೇಳಿದರು.

"ಮನೆಯಲ್ಲಿ ಸ್ವಲ್ಪ ಚರ್ಚೆಯಾಗಿತ್ತು," ಎಂದೆ.

ದೊರೆಗೆ ಅಷ್ಟು ಸಾಕಾಯಿತು. ಮನೆಗೆ ಹೊಸ ಪತ್ರ ಬರೆಸಿ, ಚೆನ್ನಾಜಮ್ಮನ ಹೆಸರಿಗೆ ಮಾಡಿಸಿಕೊಟ್ಟರು. ನಾನು ಈಗಲೂ ಅಲ್ಲೇ ಇದ್ದೇನೆ. ಖಾಲಿ ಮಾಡಿ ಎಂಬ ಅಪ್ಪಣೆ ವಾರಕ್ಕೊಮ್ಮೆ ಆಗುತ್ತದೆ. ಸದ್ಯ, ಅವಳು ಅದನ್ನು ಬರೆದು ಕೊಡುವುದಿಲ್ಲ.