ಬಿಚ್ಚದ ಕಟ್ಟು

"ಧರ್ಮಶಾಸ್ತ್ರವನ್ನು ಕೊಟ್ಟವನು ದೇವರೇ. ಹಾಗಿರುವಾಗ ಅದನ್ನು ಅಕ್ಷರ ತಪ್ಪದೆ ನಡೆಸಿದವನು ದೇವರಿಗೆ ದೂರವಾಗುವುದು ಹೇಗೆ, ಅಯ್ಯನವರೇ?"

ಹೀಗೆ ಕೇಳಿದವನು ಎಲೀಷ. ಊರೂರಿಗೆ ಹೋಗಿ ಸುವಾರ್ತೆ ಹೇಳಲು ಕಲಿಯುತ್ತಿದ್ದ ಶಿಷ್ಯ. ಹತ್ತು ಆಜ್ಞೆಗಳನ್ನು ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ತಡವರಿಸದೆ ಒಪ್ಪಿಸುತ್ತಿದ್ದ. ತಡವರಿಸುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವನ ಗುರುಗಳಾದ ಮುದಿ ಬೋಧಕರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಹೆಂಡತಿ ತೀರಿಹೋದ ಮೇಲೆ ಅವನಿಗೆ ಉಳಿದವಳು ಒಬ್ಬಳೇ ಮಗಳು. ಒಂಬತ್ತು ವರ್ಷದ ಆ ಹುಡುಗಿ ಒಂದು ದಿನ ಪೇರಲ ಮರದಿಂದ ಬಿದ್ದು ಕಾಲು ಮುರಿದುಕೊಂಡಳು. ನೇಕಾರ ಪಕ್ಕದೂರಿನಿಂದ ಮೂಳೆ ಕಟ್ಟುವ ವೈದ್ಯನನ್ನು ಕರೆತಂದ. ವೈದ್ಯ ಮೂಳೆಯನ್ನು ಸರಿಯಾಗಿ ಕೂರಿಸಿ, ಬಿದಿರಿನ ದಬ್ಬೆಗಳನ್ನಿಟ್ಟು, ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದ. ನಾಲ್ಕನೆಯ ದಿನ ಬರುತ್ತೇನೆ, ನಾನು ಬಂದು ಬಿಚ್ಚುವವರೆಗೆ ಯಾರೂ ಇದಕ್ಕೆ ಕೈ ಹಾಕಬಾರದು ಎಂದು ಹೇಳಿ ಹೋದ.

ನೇಕಾರನಿಗೆ ಗಂಟಿನ ಬೆಲೆ ಗೊತ್ತಿತ್ತು. ಮಗ್ಗಕ್ಕೆ ಎಳೆದು ಕಟ್ಟಿದ ಹಾಸಿನಲ್ಲಿ ಒಂದು ಎಳೆಯ ಗಂಟು ಸಡಿಲಿದರೂ ಇಡೀ ಸೀರೆ ಕೆಡುವುದನ್ನು ಬುದ್ಧಿ ಬಂದಾಗಿನಿಂದ ಕಂಡವನು. ಮೊದಲ ದಿನ ಮಗಳು ನೋವು ತಾಳಲಾರದೆ ಕಟ್ಟಿಗೆ ಕೈ ಹಾಕಿದಾಗ ಅವನು ಆ ಕೈಯನ್ನು ಹಿಡಿದುಕೊಂಡ. ಸರಿಯಾಗಿಯೇ ಮಾಡಿದ. ಅಂದು ಬಿಚ್ಚಿದ್ದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತಿತ್ತು.

ನಾಲ್ಕನೆಯ ದಿನ ವೈದ್ಯ ಬರಲಿಲ್ಲ. ಜ್ವರ ಬಂದು ಹಾಸಿಗೆ ಹಿಡಿದಿದ್ದ. ಇತ್ತ ಹುಡುಗಿಯ ಪಾದ ಊದಿಕೊಂಡಿತು. ಪಕ್ಕದ ಮನೆಯ ಮುದುಕಿ ಬಂದು ನೋಡಿ, ಕಟ್ಟನ್ನು ತುಸು ಸಡಿಲ ಮಾಡು ಎಂದು ಅಂಗಲಾಚಿದಳು. ನೇಕಾರ ಗಂಟಿನ ಮೇಲೆ ಬೆರಳಿಟ್ಟ. ವೈದ್ಯನ ಮಾತು ನೆನಪಾಯಿತು. ತನ್ನ ಕೈಯಾರೆ ಮಗಳು ಕುಂಟಿಯಾದರೆ ಎಂದು ಹೆದರಿದ. ಬೆರಳು ತೆಗೆದ, ಮುದುಕಿಯನ್ನು ಗದರಿಸಿ ಕಳಿಸಿದ. ಆಮೇಲೆ ದಿನಕ್ಕೆ ಹತ್ತು ಸಲ ಗಂಟು ಬಿಗಿಯಾಗಿದೆಯೇ ಎಂದು ನೋಡುತ್ತಿದ್ದ. ಪಾದವನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

ಆರನೆಯ ದಿನ ಮಗಳು, "ಅಪ್ಪಾ, ಈಗ ನೋವೇ ಇಲ್ಲ. ಕಾಲೇ ಇಲ್ಲದ ಹಾಗಿದೆ" ಎಂದಳು.

ನೇಕಾರ ಮೊದಲ ಮಾತನ್ನಷ್ಟೇ ಕೇಳಿಸಿಕೊಂಡ. ಹೇಳಿದಂತೆ ನಡೆದುಕೊಂಡದ್ದಕ್ಕೆ ಫಲ ಸಿಕ್ಕಿತೆಂದು ಮೊಣಕಾಲೂರಿ ದೇವರಿಗೆ ಸ್ತೋತ್ರ ಸಲ್ಲಿಸಿದ. ಪಾಪ, ಅಷ್ಟು ಮನಸಾರೆ ಅವನು ಹಿಂದೆಂದೂ ಪ್ರಾರ್ಥಿಸಿರಲಿಲ್ಲ.

ಒಂಬತ್ತನೆಯ ದಿನ ವೈದ್ಯ ಕೋಲೂರಿಕೊಂಡು ಬಂದ. ಬಾಗಿಲಲ್ಲೇ ಅವನ ಮೂಗಿಗೆ ವಾಸನೆ ಬಡಿಯಿತು. ಅವಸರದಿಂದ ಒಳಗೆ ಬಂದು ಕಟ್ಟು ಬಿಚ್ಚಿದ. ಪಾದ ಕಪ್ಪಾಗಿತ್ತು.

"ನೀವು ಹೇಳಿದ್ದನ್ನು ನಾನು ಎಳ್ಳಷ್ಟೂ ಮೀರಲಿಲ್ಲ, ಸ್ವಾಮಿ" ಎಂದ ನೇಕಾರ.

ವೈದ್ಯ ಆ ಪಾದದ ಮೇಲೆ ಬಟ್ಟೆ ಹೊದಿಸಿದ. "ನಾನು ಕಟ್ಟಿದ್ದು ಕಾಲು ಉಳಿಯಲೆಂದು. ನೀನು ಕಟ್ಟನ್ನು ಉಳಿಸಿದೆ. ದಬ್ಬೆ ಮೂಳೆಯನ್ನು ಹಿಡಿದುಕೊಳ್ಳುತ್ತದೆ ಅಷ್ಟೇ ಕಣಪ್ಪ, ಕೂಡಿಸುವುದು ಒಳಗಿನ ರಕ್ತ" ಎಂದ.

ಪೇಟೆಯ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕಾಲು ತೆಗೆದರು. ನೇಕಾರ ಮಗಳ ಮಂಚದ ಪಕ್ಕದಲ್ಲಿ ಕುಳಿತುಬಿಟ್ಟ. ಎರಡು ದಿನ ಅನ್ನ ಮುಟ್ಟಲಿಲ್ಲ, ಅವಳ ಮುಖ ನೋಡಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಎಲೀಷನಿಗೆ ವಾದ ಬಿಡುವ ಮನಸ್ಸಾಗಲಿಲ್ಲ.

"ಆ ತಂದೆ ಯಾವ ಮಾತನ್ನೂ ಮೀರಲಿಲ್ಲವಲ್ಲ, ಅಯ್ಯನವರೇ. ಅವನ ಮೇಲೆ ತಪ್ಪು ಹೊರಿಸುವುದಾದರೂ ಹೇಗೆ?"

"ಅವನು ಹೇಳಿದ್ದನ್ನಷ್ಟೇ ಮಾಡಿದ. ಮಗಳು ತಪ್ಪು ಹೊರಿಸಲಿಲ್ಲ, ಕ್ಷಮಿಸಿದಳು; ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ" ಎಂದರು ಗುರುಗಳು.